ಮಗನ ಟೀಶರ್ಟ್ ಮೇಲೆ ಬೈಗುಳ, ಬಸ್ ಸ್ಟ್ಯಾಂಡಿನಲ್ಲಿ ಏಟು: ತಪ್ಪು ಯಾರದು?

ಪ್ರಶ್ನೆ:

ಮೇಡಂ, ನಾನು ಮಂಡ್ಯದಲ್ಲಿ ಲೇಡೀಸ್ ಟೈಲರ್. ಮಗನಿಗೆ 20 ವರ್ಷ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಸರಸ್ವತಿಪುರಂನಲ್ಲಿ ರೂಮ್ ಮಾಡಿಕೊಂಡಿದ್ದಾನೆ. ಅವನೂ ಮೂವರು ಸ್ನೇಹಿತರೂ ಸೇರಿ ಒಂದೇ ತರಹದ ಕಪ್ಪು ಟೀಶರ್ಟ್ ಪ್ರಿಂಟ್ ಮಾಡಿಸಿದ್ದಾರೆ. ಎದೆ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ಒಂದು ಕನ್ನಡ ಬೈಗುಳ. ಅದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ. ನಮ್ಮೂರ ಗಂಡಸರು ದಿನಾ ಆಡುವ ಮಾತೇ, ತಾಯಿಯನ್ನು ಎಳೆದು ತರುವಂಥದ್ದು.

ಹೋದ ಭಾನುವಾರ ಅದನ್ನೇ ಹಾಕಿಕೊಂಡು ಊರಿಗೆ ಬಂದ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹಿರಿಯರು ಮೊಮ್ಮಗಳ ಜೊತೆ ನಿಂತಿದ್ದರಂತೆ. ಮಗು ಎರಡನೇ ಕ್ಲಾಸು. ಕಂಡದ್ದನ್ನೆಲ್ಲ ಕೂಡಿಸಿ ಕೂಡಿಸಿ ಓದುವ ವಯಸ್ಸು. ಶರ್ಟ್ ಮೇಲಿದ್ದದ್ದನ್ನು ಜೋರಾಗಿ ಓದಿ, "ತಾತ, ಹಂಗಂದ್ರೆ ಏನು?" ಅಂತ ಕೇಳಿತಂತೆ. ಅವರು ನನ್ನ ಮಗನಿಗೆ "ಏನಪ್ಪಾ ಇದು, ಶರ್ಟ್ ತಿರುಗಿಸಿ ಹಾಕ್ಕೋ" ಅಂದರು. ಇವನು "ಇಷ್ಟ ಇಲ್ದಿದ್ರೆ ಓದ್ಬೇಡಿ" ಅಂದ. ಪಕ್ಕದಲ್ಲಿದ್ದ ಮೂರು ಜನ ಬಂದು ಕಾಲರ್ ಹಿಡಿದು ಎರಡು ಏಟು ಕೊಟ್ಟು ಶರ್ಟ್ ಹರಿದರು. ಯಾರೋ ವಿಡಿಯೊ ಮಾಡಿದ್ದಾರೆ, ಅದು ಗ್ರೂಪುಗಳಲ್ಲಿ ಓಡಾಡುತ್ತಿದೆ. ಪೊಲೀಸರು ಇವನನ್ನು ಠಾಣೆಗೆ ಕರೆದುಕೊಂಡು ಹೋಗಿ ಎರಡು ಗಂಟೆ ಕೂರಿಸಿ, ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಹೊಡೆದವರನ್ನು ಏನೂ ಕೇಳಲಿಲ್ಲ.

ಮಗ "ನನ್ನ ಬಟ್ಟೆ, ನನ್ನಿಷ್ಟ" ಅನ್ನುತ್ತಾನೆ. ಅವರಪ್ಪ "ಹೊಡೆದಿದ್ದೇ ಸರಿ" ಅನ್ನುತ್ತಾರೆ. ಮನೆಯಲ್ಲಿ ಮಾತು ನಿಂತಿದೆ. ಅಂಥ ಶರ್ಟ್ ಹಾಕುವುದು ಅಪರಾಧವೇ? ಮುಂದೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ತೊಂದರೆ ಆಗುತ್ತದಾ? ಹೊಡೆದವರ ಮೇಲೆ ದೂರು ಕೊಡಬಹುದಾ? ಇನ್ನೊಂದು ಮಾತು. ಹರಿದ ಶರ್ಟ್ ತಂದು "ಅಮ್ಮ, ಹೊಲಿದುಕೊಡು" ಅನ್ನುತ್ತಿದ್ದಾನೆ. ಹೊಲಿಯಲೋ, ಬೇಡವೋ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಮೈಸೂರಿನಲ್ಲಿ ವಕೀಲೆ. ಕೇಸು ನಡೆಸುವುದರ ಜೊತೆಗೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಕೆಲಸವನ್ನೂ ಮಾಡುತ್ತೇನೆ. ಇಂಥ ಜಗಳಗಳಲ್ಲಿ ಮನೆಯವರು ಎರಡು ತುದಿ ಹಿಡಿದು ನಿಲ್ಲುವುದನ್ನು ತುಂಬ ನೋಡಿದ್ದೇನೆ. ನಿಮ್ಮ ಮಗನ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ, ನಿಮ್ಮ ಯಜಮಾನರ ಸಿಟ್ಟಿಗೂ ಕಾರಣ ಇದೆ. ಆದರೆ ಇಬ್ಬರೂ ಅದನ್ನು ಕಾನೂನು ಒಪ್ಪುವುದಕ್ಕಿಂತ ಜಾಸ್ತಿ ದೂರ ಎಳೆದಿದ್ದಾರೆ.

ಹೊಡೆತದ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಗೊಂದಲವೇ ಇಲ್ಲ. ಶರ್ಟ್ ಮೇಲೆ ಏನೇ ಬರೆದಿದ್ದರೂ ಹಾಕಿಕೊಂಡವನನ್ನು ಹೊಡೆಯುವ ಹಕ್ಕು ಯಾರಿಗೂ ಇಲ್ಲ. ನಮ್ಮ ದೇಶದಲ್ಲಿ 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 115(2)ನೇ ಕಲಂ ಪ್ರಕಾರ ಬೇಕೆಂದೇ ಹೊಡೆದು ನೋವು ಮಾಡಿದರೆ 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೋಗಲು ಬಿಡದೆ ಅಡ್ಡಗಟ್ಟಿದರೆ 126(2). ಒಬ್ಬನ ಮಾನ ಕಳೆಯಲೆಂದೇ ನಾಲ್ಕು ಜನರ ಮುಂದೆ ಮೈಮೇಲೆ ಕೈ ಹಾಕಿ ಬಟ್ಟೆ ಹರಿದರೆ 133ನೇ ಕಲಂ ಕೂಡ ಬರಬಹುದು. "ಅವನು ಕೆಣಕಿದ, ಅದಕ್ಕೇ ಹೊಡೆದೆವು" ಅಂತ ಅವರು ಹೇಳಬಹುದು. ಕೆಣಕಿದ್ದು ಗಂಭೀರವಾಗಿತ್ತು, ಹೊಡೆದದ್ದು ಆ ಕ್ಷಣದ ಸಿಟ್ಟಿನಲ್ಲಿ ಅಂತ ಕೋರ್ಟಿಗೆ ಅನ್ನಿಸಿದರೆ ಶಿಕ್ಷೆ ಕಡಿಮೆಯಾಗುತ್ತದೆ. ಹೊಡೆದದ್ದು ಸರಿ ಎಂದಾಗುವುದಿಲ್ಲ. ಇಲ್ಲಿ ಹೊಡೆದವರು ಆ ಹಿರಿಯರೂ ಅಲ್ಲ, ಪಕ್ಕದಲ್ಲಿ ನಿಂತಿದ್ದವರು ಅನ್ನುವುದನ್ನು ಗಮನಿಸಿ. ನಿಮ್ಮ ಯಜಮಾನರಿಗೆ ಇದನ್ನು ದಯವಿಟ್ಟು ಓದಿ ಹೇಳಿ. ಇವತ್ತು ಬೈಗುಳದ ಶರ್ಟಿಗೆ ಏಟು ಸರಿ ಅಂದರೆ, ನಾಳೆ ಯಾರೋ ಹುಡುಗಿಯ ಜೀನ್ಸ್ ನೋಡಿ, ಯಾರದೋ ಟೋಪಿ ನೋಡಿ ಕೈ ಎತ್ತುವವರಿಗೂ ಅದೇ ಮಾತು ಸಾಕು.

ಈಗ ಮಗನ ವಾದ. ಬಟ್ಟೆಯೂ ಒಂದು ಮಾತು ಅನ್ನುವುದನ್ನು ನಮ್ಮ ಕಾನೂನು ಒಪ್ಪುತ್ತದೆ. 2014ರಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯದ ಹಕ್ಕಿನ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಒಬ್ಬರು ತೊಡುವ ಉಡುಪು ಕೂಡ ಸಂವಿಧಾನದ 19(1)(ಎ) ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರಬಹುದು ಅಂದಿದೆ. ಆದರೆ ಅದರ ಪಕ್ಕದಲ್ಲೇ 19(2) ಇದೆ. ಸಭ್ಯತೆ, ಸಾರ್ವಜನಿಕ ಶಾಂತಿ, ಮಾನಹಾನಿ ಮುಂತಾದ ಕಾರಣಕ್ಕೆ ಸರ್ಕಾರ ನ್ಯಾಯವಾದ ಮಿತಿ ಹಾಕಬಹುದು ಅನ್ನುತ್ತದೆ ಅದು. ಮೊದಲನೆಯದನ್ನು ಮಾತ್ರ ಓದಿದವರು "ನನ್ನಿಷ್ಟ" ಅನ್ನುತ್ತಾರೆ. ಎರಡನೆಯದನ್ನು ಮಾತ್ರ ಓದಿದವರು "ಒಳಗೆ ಹಾಕಿ" ಅನ್ನುತ್ತಾರೆ.

ಹಾಗಾದರೆ ಆ ಶರ್ಟ್ ಅಪರಾಧವೇ? ಬರೀ ಕೆಟ್ಟ ಮಾತು ಬರೆದಿದೆ ಎಂಬ ಒಂದೇ ಕಾರಣಕ್ಕೆ ಶಿಕ್ಷೆ ಆಗುವುದು ಕಷ್ಟ. ಪೊಲೀಸರಿಗೆ ಮೊದಲು ನೆನಪಾಗುವುದು ನ್ಯಾಯ ಸಂಹಿತೆಯ 296ನೇ ಕಲಂ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿ ಆಗುವಂಥ ಅಶ್ಲೀಲ ವರ್ತನೆ ಅಥವಾ ಮಾತು. 3 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅಲ್ಲಿರುವ ಪದ ಅಶ್ಲೀಲ. ಒರಟು ಮಾತು ಬೇರೆ, ಅಶ್ಲೀಲ ಬೇರೆ ಅಂತ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. 2024ರ ಮಾರ್ಚ್‌ನಲ್ಲಿ ಒಂದು ವೆಬ್ ಸರಣಿಯ ಬೈಗುಳಗಳ ಬಗ್ಗೆ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು. ಇಂಥ ಮಾತು ಆಡುವವರು ಬಹಳ ಸಲ ಅದರ ಅಕ್ಷರಾರ್ಥವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದಿಲ್ಲ, ಅದು ಸಿಟ್ಟು, ಬೇಸರ, ಉದ್ವೇಗದ ಮಾತು, ಹಾಗಾಗಿ ಬೈಗುಳ ಇದ್ದ ಮಾತ್ರಕ್ಕೆ ಅಶ್ಲೀಲ ಆಗದು ಅಂತ. ಆ ತೀರ್ಪು ಐಟಿ ಕಾಯ್ದೆಯ ಕೆಳಗೆ ಬಂದದ್ದು, ಬಸ್ ಸ್ಟ್ಯಾಂಡಿಗೆ ಹಾಗೇ ಅನ್ವಯಿಸದೆ ಇರಬಹುದು. ಆದರೂ ನಿಮ್ಮ ಮಗನ ಪರವಾಗಿ ನಿಲ್ಲುವ ವಕೀಲರಿಗೆ ಅದು ಒಳ್ಳೆಯ ಆಸರೆ.

ಇನ್ನೊಂದು 352ನೇ ಕಲಂ. ಎದುರಿನವನು ಶಾಂತಿ ಕದಡಲಿ ಎಂದೇ ಅವನನ್ನು ಅವಮಾನ ಮಾಡುವುದು. 2 ವರ್ಷದವರೆಗೆ ಶಿಕ್ಷೆ ಇದೆ. ಅದಕ್ಕೆ ಅವಮಾನ ಒಬ್ಬರ ಕಡೆ ತಿರುಗಿರಬೇಕು. ಶರ್ಟ್ ಸುಮ್ನೆ ಮೈಮೇಲೆ ಇದ್ದರೆ ಅದು ಯಾರ ಕಡೆಗೂ ತಿರುಗಿಲ್ಲ. ಆದರೆ ಹಾಕಿಕೊಂಡವನು ಎದೆ ಮುಟ್ಟಿ ತೋರಿಸಿ "ಓದ್ಕೋ, ಇದು ನಿಂಗೇ" ಅಂದರೆ ಆ ಕ್ಷಣ ಕಥೆ ಬದಲಾಗುತ್ತದೆ. ನಿಮ್ಮ ಮಗ ಹಾಗೆ ಅಂದಿಲ್ಲ, ಅಲ್ವಾ? ಇದನ್ನು ಅವನ ಹತ್ತಿರ ಖಚಿತ ಮಾಡಿಕೊಳ್ಳಿ. ವಿಡಿಯೊದಲ್ಲಿ ಅವನ ಕೈ ಎಲ್ಲಿದೆ ಅನ್ನುವುದನ್ನೂ ನೋಡಿ. ಸಣ್ಣ ವಿಷಯ ಅನ್ನಿಸಬಹುದು, ಕೇಸು ನಿಲ್ಲುವುದು ಬೀಳುವುದು ಇಂಥದ್ದರ ಮೇಲೆಯೇ.

ನಿಜವಾಗಿ ಭಯಪಡಬೇಕಾದ ಶರ್ಟುಗಳು ಬೇರೆ ಇವೆ. ಅವನಿಗೂ ಅವನ ಸ್ನೇಹಿತರಿಗೂ ಇದು ಗೊತ್ತಿರಲಿ, ಏಕೆಂದರೆ ಪ್ರಿಂಟ್ ಹಾಕಿಸುವ ಚಟ ಒಂದಕ್ಕೆ ನಿಲ್ಲುವುದಿಲ್ಲ. ಒಂದು ಧರ್ಮವನ್ನು ಬೇಕೆಂದೇ ಹಳಿಯುವ ಬರಹ 299ನೇ ಕಲಂಗೆ ಸಿಕ್ಕಬಹುದು. ಧರ್ಮ, ಭಾಷೆ, ಹುಟ್ಟಿದ ಊರಿನ ಹೆಸರಲ್ಲಿ ಗುಂಪುಗಳ ನಡುವೆ ದ್ವೇಷ ಎಬ್ಬಿಸಿದರೆ 196. ಇವೆರಡರಲ್ಲೂ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಾಗಿ ಸಿಗದು. ನಮ್ಮ ಮಂಡ್ಯದವರಿಗೆ ಬೇರೆ ಹೇಳಬೇಕಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ ನಡೆದಾಗ ನೆರೆ ರಾಜ್ಯದವರನ್ನು ಬೈಯುವ ಒಂದು ಸಾಲು ಎದೆ ಮೇಲೆ ಇದ್ದಿದ್ದರೆ ಏನಾಗಬಹುದಿತ್ತು ಯೋಚಿಸಿ. ಜಾತಿ ವಿಷಯ ಇನ್ನೂ ಸೂಕ್ಷ್ಮ. ತನ್ನ ಜಾತಿಯ ಹೆಸರು ಬರೆಸಿಕೊಂಡ ಶರ್ಟುಗಳು ನಮ್ಮ ಕಡೆ ಈಗ ಜಾಸ್ತಿ ಆಗಿವೆ. ಅದರಷ್ಟಕ್ಕೆ ಅದು ಅಪರಾಧ ಅಲ್ಲ. ಆದರೆ ಜಾತಿ ಹೆಸರು ಹಿಡಿದು ಪರಿಶಿಷ್ಟ ಜಾತಿ, ಪಂಗಡದವರನ್ನು ಜನರ ಎದುರು ಕೀಳು ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಅಲ್ಲಿ ನಿರೀಕ್ಷಣಾ ಜಾಮೀನಿಗೂ ತಡೆ ಇದೆ. ರಾಷ್ಟ್ರಧ್ವಜದ ಮೇಲೆ ಅಕ್ಷರ ಬರೆಸುವುದು, ಸೊಂಟದ ಕೆಳಗೆ ಧ್ವಜ ತೊಡುವುದು ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯಡಿ ತಪ್ಪು.

ಹೆಣ್ಣುಮಕ್ಕಳ ಬಗ್ಗೆ ಅಸಹ್ಯದ ಸಾಲು ಇರುವ ಶರ್ಟುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕೆಲವು ವರ್ಷದ ಹಿಂದೆ ಮೈಸೂರಿನ ಒಂದು ಕಾಲೇಜಿನವರು ನನ್ನನ್ನು ರಾಜಿಗೆ ಕರೆದಿದ್ದರು. ಹುಡುಗನೊಬ್ಬ ಅಂಥ ಇಂಗ್ಲಿಷ್ ಸಾಲಿನ ಶರ್ಟ್ ಹಾಕಿಕೊಂಡು ಸಿಟಿ ಬಸ್ ಹತ್ತಿದ್ದ. ಅವನ ಕಾಲೇಜಿನದೇ ಹುಡುಗಿ ಎದುರು ನಿಂತಿದ್ದಳು. ದೂರು ಕೊಟ್ಟಳು. "ನಾನು ಅವಳನ್ನು ನೋಡಿಯೂ ಇಲ್ಲ, ಏನೂ ಅಂದಿಲ್ಲ" ಅಂತ ಅವನ ವಾದ. ಅದು ನಿಜವೂ ಆಗಿತ್ತು. ಆಗ ಆ ಹುಡುಗಿ ಹೇಳಿದ ಮಾತು ನನಗೆ ಇವತ್ತಿಗೂ ಮರೆತಿಲ್ಲ. "ಇವನು ಏನೂ ಮಾಡಲಿಲ್ಲ. ಆದರೆ ಬಸ್ಸಿನಲ್ಲಿದ್ದ ಬೇರೆ ಗಂಡಸರು ಇವನ ಶರ್ಟ್ ಓದಿದರು. ಓದಿ, ಆಮೇಲೆ ನನ್ನ ಮುಖ ನೋಡಿದರು." ಹುಡುಗ ತಲೆ ತಗ್ಗಿಸಿ ಕೂತ. ವಾದ ಅಲ್ಲಿಗೆ ನಿಂತಿತು. ಹೆಣ್ಣಿನ ಮಾನಕ್ಕೆ ಧಕ್ಕೆ ತರಬೇಕೆಂದೇ ಆಡಿದ ಮಾತಿಗೆ, ತೋರಿಸಿದ ವಸ್ತುವಿಗೆ 79ನೇ ಕಲಂ ಇದೆ, 3 ವರ್ಷದವರೆಗೆ ಶಿಕ್ಷೆ. ಕಾಲೇಜು, ಆಫೀಸಿನೊಳಗೆ ಆದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಆಂತರಿಕ ಸಮಿತಿಗೂ ದೂರು ಹೋಗಬಹುದು.

ಈಗ ನನಗೆ ಮುಖ್ಯ ಅನ್ನಿಸಿದ ವಿಷಯಕ್ಕೆ ಬರುತ್ತೇನೆ. "ನಮ್ಮೂರ ಗಂಡಸರು ದಿನಾ ಆಡುವ ಮಾತೇ" ಅಂತ ನೀವೇ ಬರೆದಿದ್ದೀರಿ. ನಿಮ್ಮ ಮಗನ ತಲೆಯಲ್ಲೂ ಇದೇ ಓಡುತ್ತಿರಬೇಕು. ದಿನಾ ಕೇಳುವ ಮಾತಿಗೆ ಅವತ್ತು ಮಾತ್ರ ಏಕೆ ಏಟು?

ನಾನು ಹುಟ್ಟಿ ಬೆಳೆದದ್ದು ಪಾಂಡವಪುರದ ಕಡೆಯ ಹಳ್ಳಿಯಲ್ಲಿ. ನಮ್ಮಜ್ಜಿ ಮೊಮ್ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದದ್ದೇ "ಬಡ್ಡೈದ್ನೆ, ಉಂಡ್ಯೇನ್ಲಾ?" ಅಂತ. ಅದರಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವರು ಬೈಗುಳ ಇಲ್ಲದೆ ಒಂದು ಮಾತು ಮುಗಿಸುತ್ತಿರಲಿಲ್ಲ. ಹೊರಗಿನವರು ಇದನ್ನು ಕೇಳಿ ಮಂಡ್ಯದವರಿಗೆ ಮಾತಿನ ಮೇಲೆ ಹಿಡಿತವೇ ಇಲ್ಲ ಅಂದುಕೊಳ್ಳುತ್ತಾರೆ. ಅದು ತಪ್ಪು. ಅದೇ ಆಲೆಮನೆಗೆ ಬೀಗರು ಬಂದರೆ, ಮನೆಯ ಸೊಸೆ ಬುತ್ತಿ ತಂದರೆ, ಆ ಬಾಯಿಗಳು ತಕ್ಷಣ ಬದಲಾಗುತ್ತಿದ್ದವು. ಯಾರು ಆಡಬೇಕು, ಯಾರಿಗೆ ಆಡಬೇಕು, ಯಾರ ಎದುರು ಆಡಬಾರದು ಅನ್ನುವ ಲೆಕ್ಕ ಪ್ರತಿಯೊಬ್ಬರಿಗೂ ಬರುತ್ತಿತ್ತು. ಯಾರೂ ಕಲಿಸಿದ್ದಲ್ಲ, ಆದರೆ ತಪ್ಪಿದರೆ ಅಲ್ಲೇ ಗೊತ್ತಾಗುತ್ತಿತ್ತು. ಗೆಳೆಯನಿಗೆ ಅಂದರೆ ಸಲಿಗೆ, ಅದೇ ಮಾತನ್ನು ಗೆಳೆಯನ ಅಪ್ಪನ ಎದುರು ಅಂದರೆ ಜಗಳ.

ಬಾಯಲ್ಲಿ ಆಡಿದ ಬೈಗುಳಕ್ಕೆ ಮುಖ ಇರುತ್ತದೆ, ದನಿ ಇರುತ್ತದೆ, ಕಣ್ಣಲ್ಲಿ ನಗು ಇರುತ್ತದೆ. ಎದುರಿಗೆ ಯಾರಾದರೂ ಬಂದರೆ ಅರ್ಧಕ್ಕೇ ನುಂಗಿಕೊಳ್ಳಬಹುದು. ಶರ್ಟ್ ಮೇಲೆ ಅಚ್ಚಾದದ್ದಕ್ಕೆ ಇದು ಯಾವುದೂ ಇಲ್ಲ. ನಾಲ್ಕು ಗೆಳೆಯರ ನಡುವಿನ ಸಲಿಗೆಯ ಮಾತನ್ನು ಅದು ರೈಲಿನ ಟಿಕೆಟ್ ಕಲೆಕ್ಟರಿಗೂ ಹೇಳುತ್ತದೆ, ಹೂವಿನವಳಿಗೂ ಹೇಳುತ್ತದೆ, ಎರಡನೇ ಕ್ಲಾಸಿನ ಮಗುವಿಗೂ ಹೇಳುತ್ತದೆ. ನಿಮ್ಮ ಮಗ ಅಂದುಕೊಂಡಿರುವುದು "ನಾನು ನಮ್ಮ ಭಾಷೆಯನ್ನು ಹಾಕಿಕೊಂಡಿದ್ದೇನೆ" ಅಂತ. ಆದರೆ ನಮ್ಮ ಭಾಷೆಯಲ್ಲಿ ಆ ಮಾತಿನ ಜೊತೆಗಿದ್ದ ಲೆಕ್ಕ ಶರ್ಟಿನ ಮೇಲೆ ಬಂದಿಲ್ಲ.

"ಇಷ್ಟ ಇಲ್ದಿದ್ರೆ ಓದ್ಬೇಡಿ" ಅಂದನಲ್ಲ, ಇದು ಸಣ್ಣ ವಾದ ಅಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲೇ ಗೆದ್ದ ವಾದ. 1968ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಪಾಲ್ ರಾಬರ್ಟ್ ಕೊಹೆನ್ ಎಂಬ ಯುವಕ ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸಿಕೊಳ್ಳುವುದನ್ನು ಬೈಯುವ ಮಾತಿದ್ದ ಜಾಕೆಟ್ ಹಾಕಿಕೊಂಡು ಕೋರ್ಟ್ ಕಟ್ಟಡಕ್ಕೇ ಹೋಗಿದ್ದ. ವಿಯೆಟ್ನಾಂ ಯುದ್ಧದ ಕಾಲ. ಅವನಿಗೆ 30 ದಿನ ಜೈಲು ಶಿಕ್ಷೆ ಆಯಿತು. 1971ರಲ್ಲಿ ಸುಪ್ರೀಂ ಕೋರ್ಟ್ ಐದು ನಾಲ್ಕರ ಬಹುಮತದಲ್ಲಿ ಅದನ್ನು ರದ್ದು ಮಾಡಿತು. ನೋಡಲು ಇಷ್ಟ ಇಲ್ಲದವರು ಕಣ್ಣು ತಿರುಗಿಸಬಹುದಿತ್ತು ಅಂತ ತೀರ್ಪು ಬರೆದ ನ್ಯಾಯಮೂರ್ತಿ ಹಾರ್ಲನ್ ಹೇಳಿದರು. ನಾನು ಆ ತೀರ್ಪನ್ನು ಗೌರವಿಸುತ್ತೇನೆ. ಅವನು ಬೈದದ್ದು ಸರ್ಕಾರದ ಒಂದು ನಿಯಮವನ್ನು. ಅಧಿಕಾರದ ವಿರುದ್ಧದ ಮಾತು ಒರಟಾಗಿದ್ದರೂ ಉಳಿಯಬೇಕು. ಆದರೆ ಆ ತೀರ್ಪು ಅಲ್ಲಿನ ಸಂವಿಧಾನದ್ದು, ಇಲ್ಲಿನ ಪೊಲೀಸರನ್ನು ಕಟ್ಟಿಹಾಕುವುದಿಲ್ಲ. ಇಂಗ್ಲೆಂಡಿನಲ್ಲಿ ಬೇರೆಯೇ ಆಯಿತು. 2012ರಲ್ಲಿ ಮ್ಯಾಂಚೆಸ್ಟರ್ ಕಡೆ ಇಬ್ಬರು ಮಹಿಳಾ ಪೊಲೀಸರ ಕೊಲೆಯಾದ ಕೆಲವೇ ಗಂಟೆಯಲ್ಲಿ ಒಬ್ಬ ಅದನ್ನು ಸಂಭ್ರಮಿಸುವ ಮಾತನ್ನು ಶರ್ಟ್ ಮೇಲೆ ಬರೆದುಕೊಂಡು ಬೀದಿಗೆ ಬಂದ. ಜೈಲಿಗೆ ಹೋದ.

ಕಣ್ಣು ತಿರುಗಿಸಿ ಅನ್ನುವುದರಲ್ಲಿ ಇನ್ನೊಂದು ತೊಡಕಿದೆ. ಓದಲು ಬಂದವರಿಗೆ ಓದದೆ ಇರಲು ಬರುವುದಿಲ್ಲ. 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಮಾಡಿದ. "ಕೆಂಪು" ಅನ್ನುವ ಪದವನ್ನು ನೀಲಿ ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಯಾವುದು ಹೇಳಿ ಅಂದರೆ ಜನ ತಡವರಿಸುತ್ತಾರೆ. ಪದವನ್ನು ಓದಬೇಕಾಗಿಯೇ ಇಲ್ಲ, ಆದರೂ ಅದು ಮೊದಲೇ ಓದಿಸಿಕೊಂಡುಬಿಟ್ಟಿರುತ್ತದೆ. ಕಣ್ಣು ತಿರುಗಿಸುವ ಹೊತ್ತಿಗೆ ಓದಿ ಮುಗಿದಿರುತ್ತದೆ. ಹೊಸದಾಗಿ ಅಕ್ಷರ ಕಲಿತ ಮಗುವಂತೂ ಬಸ್ಸಿನ ಬೋರ್ಡು, ಅಂಗಡಿ ಹೆಸರು, ಸೋಪಿನ ಕವರು, ಎಲ್ಲವನ್ನೂ ಬಾಯಿಬಿಟ್ಟು ಓದುತ್ತದೆ. ಅದರ ತಾತ ಆ ಸಂತೋಷಕ್ಕೆ "ಭೇಷ್" ಅನ್ನುತ್ತಾ ಬಂದಿರುತ್ತಾರೆ. ಅವತ್ತು ಅವರಿಗೆ ಭೇಷ್ ಅನ್ನಲು ಆಗಲಿಲ್ಲ, ಅರ್ಥ ಹೇಳಲೂ ಆಗಲಿಲ್ಲ. ಆ ಹಿರಿಯರ ಸಿಟ್ಟಿನ ಕೆಳಗೆ ಇದ್ದದ್ದು ಈ ಇಕ್ಕಟ್ಟು ಅಂತ ನನಗೆ ಅನ್ನಿಸುತ್ತದೆ. ಅವರು ಬೈಯಲೂ ಇಲ್ಲ, "ಏನಪ್ಪಾ" ಅಂತಲೇ ಕರೆದಿದ್ದಾರೆ. ತಿರುಗಿಸಿ ಹಾಕ್ಕೋ ಅಂತ ದಾರಿಯನ್ನೂ ತೋರಿಸಿದ್ದಾರೆ.

ಇಂಗ್ಲಿಷ್ ಆಗಿದ್ದರೆ ಯಾರೂ ಕೇಳುತ್ತಿರಲಿಲ್ಲ ಅಂತ ಹುಡುಗರು ಹೇಳುತ್ತಾರೆ. ಒಂದು ಮಟ್ಟಿಗೆ ಹೌದು. ಕಬ್ಬು ಕಡಿಯುವವರು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಟೀಶರ್ಟ್ ಹಾಕಿಕೊಂಡಿರುತ್ತಾರೆ, ಅದರ ಮೇಲೆ ಇಂಗ್ಲಿಷಿನ ಎಂಥೆಂಥದೋ ಮಾತು ಇರುತ್ತದೆ. ಹಾಕಿಕೊಂಡವರಿಗೂ ಗೊತ್ತಿಲ್ಲ, ನೋಡಿದವರಿಗೂ ಗೊತ್ತಿಲ್ಲ. ಅದೇ ಶರ್ಟ್ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ನಡೆದರೆ ಹತ್ತು ಜನ ತಿರುಗಿ ನೋಡುತ್ತಾರೆ. ಕಾನೂನಿಗೆ ಭಾಷೆ ಯಾವುದಾದರೂ ಒಂದೇ. ಜನರಿಗೆ ಮಾತ್ರ ತಾಯಿಭಾಷೆಯ ಬೈಗುಳ ಸೀದಾ ಒಳಗೆ ಇಳಿಯುತ್ತದೆ.

ಮುಂದೇನು ಮಾಡಬಹುದು ನೋಡೋಣ. ಹೊಡೆದವರ ಮೇಲೆ ದೂರು ಕೊಡಬಹುದು. ಬರೀ 115(2) ಆದರೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಲು ಬರುವುದಿಲ್ಲ, ಎನ್‌ಸಿಆರ್ (ವಾರಂಟ್ ಇಲ್ಲದೆ ಬಂಧಿಸಲು ಬರದ ಅಪರಾಧದ ವರದಿ) ಬರೆದುಕೊಂಡು ಮ್ಯಾಜಿಸ್ಟ್ರೇಟರ ಅನುಮತಿ ಕೇಳಬೇಕು. ಅಡ್ಡಗಟ್ಟಿದ್ದನ್ನೂ ಸೇರಿಸಿ ದೂರು ಬರೆದರೆ ಎಫ್‌ಐಆರ್ ಆಗುತ್ತದೆ. ಹಾಗಾಗಿ ದೂರಿನಲ್ಲಿ ಕಾಲರ್ ಹಿಡಿದು ನಿಲ್ಲಿಸಿದ್ದು, ಹರಿದದ್ದು, ಎಲ್ಲವೂ ನಡೆದ ಕ್ರಮದಲ್ಲಿ ಬರಬೇಕು. ಏಟಿನ ಗುರುತು ಇನ್ನೂ ಇದ್ದರೆ ಇವತ್ತೇ ಜಿಲ್ಲಾ ಆಸ್ಪತ್ರೆಗೆ ಹೋಗಿ ತೋರಿಸಿ, ಗಾಯದ ಸರ್ಟಿಫಿಕೇಟ್‌ಗೆ ಅದು ಆಧಾರ. 115(2)ಕ್ಕೆ ಕೋರ್ಟ್ ಗಮನಕ್ಕೆ ತೆಗೆದುಕೊಳ್ಳಲು 1 ವರ್ಷದ ಗಡುವು ಇದೆ, ಆದ್ದರಿಂದ ನಾಳೆಯೇ ನಿರ್ಧಾರ ಮಾಡಬೇಕಿಲ್ಲ. ಆದರೆ ಗಾಯ ವರ್ಷದ ತನಕ ಕಾಯುವುದಿಲ್ಲ.

ಅಪಾಯವನ್ನೂ ಹೇಳಬೇಕು. ನೀವು ದೂರು ಕೊಟ್ಟ ದಿನವೇ ಆ ಕಡೆಯಿಂದ ಕೌಂಟರ್ ಕೇಸು ಬರುತ್ತದೆ, ಇದು ನನ್ನ ಅನುಭವ. 296, 352 ಎರಡೂ ಹಾಕಿಸುತ್ತಾರೆ. ಬೀಳಬಹುದಾದ ಕೇಸೇ ಇರಲಿ, ಬೀಳುವ ತನಕ ಪರೀಕ್ಷೆ, ಇಂಟರ್‌ವ್ಯೂ ಬಿಟ್ಟು ಹಿಯರಿಂಗಿಗೆ ಬರಬೇಕು. ಇನ್ನೊಂದು ಬಲೆ ಇದೆ, ಇದರಲ್ಲಿ ತುಂಬ ಹುಡುಗರು ಬೀಳುತ್ತಾರೆ. ಸಣ್ಣ ಕೇಸು, ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋಗು ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಹಾಗೆ ಕಟ್ಟಿದ ಐನೂರು ರೂಪಾಯಿ ಕೂಡ ಕಾನೂನಿನ ಕಣ್ಣಲ್ಲಿ ಶಿಕ್ಷೆಯೇ. ನಾಳೆ ಸರ್ಕಾರಿ ಕೆಲಸದ ಅರ್ಜಿಯಲ್ಲಿ ಅದನ್ನು ಬರೆಯಬೇಕು. ವಕೀಲರನ್ನು ಕೇಳದೆ ಯಾವ ಕಾಗದಕ್ಕೂ "ತಪ್ಪಾಯಿತು" ಅಂತ ಸಹಿ ಹಾಕಬಾರದು.

ಠಾಣೆಯ ಮುಚ್ಚಳಿಕೆ ಇದಕ್ಕಿಂತ ಬೇರೆ. ಅದು ಶಿಕ್ಷೆ ಅಲ್ಲ, ಕೋರ್ಟಿನ ದಾಖಲೆಯೂ ಅಲ್ಲ, ಅವನು ಬರೆದುಕೊಟ್ಟ ಒಂದು ಪತ್ರ ಅಷ್ಟೇ. ತಹಶೀಲ್ದಾರರ ಮುಂದೆ ಶಾಂತಿ ಕಾಪಾಡಲು ಬಾಂಡ್ ಬರೆಸಿಕೊಳ್ಳುವ ಕ್ರಮ ಬೇರೆ ಇದೆ, ಅದಕ್ಕೆ ನೋಟಿಸ್ ಬರುತ್ತದೆ. ನಿಮಗೆ ಬಂದಿಲ್ಲ ಅಂತ ಕಾಣುತ್ತದೆ. ಆದರೂ ಠಾಣೆಗೆ ಹೋಗಿ ಮುಚ್ಚಳಿಕೆಯ ಪ್ರತಿ ಕೇಳಿ, ಅದರಲ್ಲಿ ಏನು ಬರೆದಿದ್ದಾನೆ ಓದಿ. ಪಾಸ್‌ಪೋರ್ಟ್ ಕಾಯ್ದೆ ನೋಡುವುದು ಕ್ರಿಮಿನಲ್ ಕೋರ್ಟಿನಲ್ಲಿ ಕೇಸು ಬಾಕಿ ಇದೆಯೇ ಅಂತ. ಈಗಿನ ಸ್ಥಿತಿಯಲ್ಲಿ ಅಂಥದ್ದು ಇಲ್ಲ. ಕೆಲಸದ ಅರ್ಜಿಗಳಲ್ಲಿ "ಬಂಧನ ಆಗಿತ್ತೇ, ಕೇಸು ಇತ್ತೇ" ಅಂತ ಕೇಳುತ್ತಾರೆ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆಯಲಿ. ಸಣ್ಣ ಕೇಸಿಗಿಂತ ಅದನ್ನು ಮುಚ್ಚಿಟ್ಟದ್ದೇ ಕೆಲಸಕ್ಕೆ ಕುತ್ತು ತಂದ ಉದಾಹರಣೆಗಳು ಎಷ್ಟೋ ಇವೆ. 2016ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆಯೇ ವಿವರವಾದ ತೀರ್ಪು ಕೊಟ್ಟಿದೆ.

ವಿಡಿಯೊ ಹಾಕಿರುವ ಕಡೆ ದೂರು ಕೊಟ್ಟು ತೆಗೆಸಲು ಪ್ರಯತ್ನಿಸಿ. ಅದಕ್ಕೆ ಮೊದಲು ಒಂದು ಪ್ರತಿ ಇಳಿಸಿಟ್ಟುಕೊಳ್ಳಿ, ಹೊಡೆದವರ ಮುಖಕ್ಕೆ ಅದೇ ಸಾಕ್ಷಿ. ಮಗ ಉತ್ತರವಾಗಿ ತನ್ನದೊಂದು ವಿಡಿಯೊ ಹಾಕುತ್ತೇನೆ ಅಂದರೆ ತಡೆಯಿರಿ. ಆ ಸಿಟ್ಟಿನಲ್ಲಿ ಆಡಿದ ಒಂದು ಮಾತು 352ನೇ ಕಲಂಗೆ ಇಲ್ಲದ ಸಾಕ್ಷಿಯನ್ನು ಒದಗಿಸಿಕೊಡುತ್ತದೆ.

ನಾನಾಗಿದ್ದರೆ ಮೊದಲು ಮಾಡುವುದು ಬೇರೆ. ಆ ತಾತನನ್ನು ಹುಡುಕಿಸುತ್ತಿದ್ದೆ. ಮಂಡ್ಯ ಅಷ್ಟು ದೊಡ್ಡ ಊರಲ್ಲ, ಬಸ್ ಸ್ಟ್ಯಾಂಡಿನ ಅಂಗಡಿಯವರಿಗೆ ಗೊತ್ತಿರುತ್ತದೆ. ಮಗ ತಾನಾಗಿ ಒಪ್ಪಿದರೆ ಮಾತ್ರ, ಅಪ್ಪ ಎಳೆದುಕೊಂಡು ಹೋಗುವುದಲ್ಲ, ಹೋಗಿ ಎರಡು ಮಾತು ಆಡಿ ಬರಲಿ. ಬಾಯಿಮಾತಿನಲ್ಲಿ ಇರಲಿ, ಬರೆದುಕೊಡುವುದು ಬೇಡ. ಆ ತಾತ ಹೊಡೆದಿಲ್ಲ. ಅವರು ನಿಮ್ಮ ಮಗನ ವಿರುದ್ಧ ಹೇಳುವ ಸಾಕ್ಷಿಯೂ ಆಗಬಹುದು, "ಹುಡುಗ ನನ್ನನ್ನು ಬೈಯಲಿಲ್ಲ, ಹೊಡೆದದ್ದು ತಪ್ಪು" ಅಂತ ಹೇಳುವ ಸಾಕ್ಷಿಯೂ ಆಗಬಹುದು. ಹೊಡೆದವರ ಜೊತೆಗಿನ ರಾಜಿಯನ್ನು ಆಮೇಲೆ ನೋಡಬಹುದು. 115(2), 126(2), 352 ಎಲ್ಲವೂ ರಾಜಿ ಆಗುವಂಥ ಕಲಂಗಳು.

ಶರ್ಟ್ ಕಿತ್ತು ಸುಡುತ್ತೇನೆ ಅಂತ ನಿಮ್ಮ ಯಜಮಾನರು ಅನ್ನುತ್ತಿದ್ದರೆ ಬೇಡ ಅನ್ನಿ. ಬಲವಂತವಾಗಿ ಕಿತ್ತುಕೊಂಡದ್ದರ ಮೇಲೆ ಮನುಷ್ಯನಿಗೆ ಆಸೆ ಜಾಸ್ತಿ ಆಗುತ್ತದೆ ಅಂತ ಜಾಕ್ ಬ್ರೆಮ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲೇ ವಿವರಿಸಿದ್ದಾನೆ. ಇಪ್ಪತ್ತರ ಹುಡುಗರಲ್ಲಿ ನಾನು ಅದನ್ನು ದಿನಾ ನೋಡುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಮೈಮೇಲಿಂದ ಹರಿಸಿಕೊಂಡವನಿಂದ ಮನೆಯಲ್ಲಿ ಮತ್ತೊಮ್ಮೆ ಕಿತ್ತುಕೊಳ್ಳಬೇಡಿ.

ಉಚಿತ ಸಲಹೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಕೋರ್ಟ್ ಆವರಣದಲ್ಲೇ ಇರುತ್ತದೆ. ಸಹಾಯವಾಣಿ 15100. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ, ನೀವೇ ಹೋಗಿ ಕೇಳಬಹುದು.

ಈಗ ಹೊಲಿಗೆಯ ಮಾತು. ಸದ್ಯಕ್ಕೆ ಹೊಲಿಯಬೇಡಿ, ಒಗೆಯಲೂ ಬೇಡಿ. ದೂರು ಕೊಡುವುದೋ ಬೇಡವೋ ಎಂದು ತೀರ್ಮಾನ ಆಗುವ ತನಕ ಅದು ಸಾಕ್ಷಿ. ಹರಿದ ಜಾಗ ಹೇಗಿದೆಯೋ ಹಾಗೇ ಇರಲಿ. ಪ್ಲಾಸ್ಟಿಕ್ ಬೇಡ, ಒಂದು ಕಾಗದದ ಕವರಿನಲ್ಲಿ ಮಡಚಿ, ಮೇಲೆ ದಿನಾಂಕ ಬರೆದು, ಬೀರುವಿನಲ್ಲಿ ಇಡಿ. ಮಗ ಕೇಳಿದರೆ ಇದೇ ಕಾರಣ ಹೇಳಿ, ಅವನ ಪರವಾಗಿಯೇ ಇಟ್ಟಿದ್ದೀರಿ ಅಂತ ಅವನಿಗೆ ಗೊತ್ತಾಗಲಿ. ಎಲ್ಲ ಮುಗಿದ ಮೇಲೂ "ಹೊಲಿದುಕೊಡು" ಅಂದರೆ, ನನಗೆ ಬರೆದ ಮಾತನ್ನೇ ಅವನಿಗೂ ಹೇಳಿ. ಆ ಪದ ಬರೆಯಲು ನಿಮಗೆ ಕೈ ಬರಲಿಲ್ಲ ಅಂತ ಹೇಳಿದ್ದೀರಲ್ಲ, ಅದನ್ನು.